ಜರ್ಮನ್ ತಟ್ಟೆ, ನಮ್ಮ ಕ್ಯಾಸೆಟ್ಟು

(ಪುತ್ತೂರಿನಲ್ಲಿ ಸಂಗೀತ ಮತ್ತು ಯಕ್ಷಗಾನ ಆಸಕ್ತರ ಒಂದು ಸಣ್ಣ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಜರ್ಮನರು ಎಂದೊಡನೆ ನಮ್ಮ ಜಿಲ್ಲೆಯವರಿಗೆ ನೆನಪಾಗುವುದು ಬಾಸೆಲ್ ಮಿಷನ್. ಅದರ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ 1834ರಿಂದೀಚೆಗೆ ಮಂಗಳೂರಿಗೆ ಬಂದು ದುಡಿದವರಲ್ಲಿ ಬಹುಮಂದಿ ಜರ್ಮನರು. ಮೊಗ್ಲಿಂಗರು 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಕಿಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಇವೆಲ್ಲ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕರ್ನಾಟಕಕ್ಕೂ ಜರ್ಮನಿಗೂ ಇನ್ನೊಂದು ಸಂಬಂಧ ಬೆಳೆದದ್ದುಂಟು. ಅದರಲ್ಲಿ ಪಾದ್ರಿಗಳಿಲ್ಲ, ಅಚ್ಚುಮೊಳೆಗಳಿಲ್ಲ. ಇರುವುದು ಮೃದಂಗ, ಘಟ, ಖಂಜಿರ ಮತ್ತು ಉದ್ದ ಕೂದಲಿನ ಕೆಲವು ರಾಕ್ ಸಂಗೀತಗಾರರು. ಈ ಸಂಬಂಧ ಕೆಲವು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದಿದೆ. ಆ ತಟ್ಟೆಗಳ ಕಥೆ ಹೇಳುತ್ತ ನಮ್ಮ ಮನೆಗಳ ಅಟ್ಟದಲ್ಲಿರುವ ಕ್ಯಾಸೆಟ್ಟುಗಳ ಕಥೆಗೆ ಬರಬೇಕೆಂದಿದ್ದೇನೆ. ಎರಡಕ್ಕೂ ಏನು ಸಂಬಂಧ ಎಂದು ಈಗಲೇ ಕೇಳಬೇಡಿ.

ಮೊದಲು ತಂಡದ ಪರಿಚಯ. ಹೆಸರು ‘ಎಂಬ್ರಿಯೊ’, ಅಂದರೆ ಭ್ರೂಣ. ಊರು ದಕ್ಷಿಣ ಜರ್ಮನಿಯ ಮ್ಯೂನಿಕ್. 1969ರಲ್ಲಿ ಕ್ರಿಸ್ಟಿಯನ್ ಬುರ್ಖಾರ್ಡ್ ಮತ್ತು ಎಡ್ಗರ್ ಹೋಫ್‌ಮನ್ ಎಂಬಿಬ್ಬರು ಕಟ್ಟಿದ್ದು. ಬುರ್ಖಾರ್ಡ್ ಡ್ರಮ್ ಹಾಗೂ ವೈಬ್ರಾಫೋನ್ ನುಡಿಸುವವರು. ಹೋಫ್‌ಮನ್ನರದು ಸ್ಯಾಕ್ಸೊಫೋನ್ ಮತ್ತು ಪಿಟೀಲು. ಮೊದಲ ತಟ್ಟೆ ‘ಓಪಲ್’ 1970ರಲ್ಲಿ ಬಂತು. ನೀವು ಈ ಹೆಸರನ್ನು ಕೇಳಿಲ್ಲದಿದ್ದರೆ ನಾಚಿಕೆಪಡಬೇಕಾಗಿಲ್ಲ, ಜರ್ಮನಿಯಲ್ಲೇ ಬಹಳಷ್ಟು ಜನ ಕೇಳಿಲ್ಲ. ಅದೇ ಕಾಲದ ಕ್ರಾಫ್ಟ್‌ವೆರ್ಕ್ ತಂಡ ಜಗತ್ಪ್ರಸಿದ್ಧವಾಯಿತು. ಎಂಬ್ರಿಯೊ ಹಣವನ್ನೂ ಕಾಣಲಿಲ್ಲ, ಹೆಸರನ್ನೂ ಕಾಣಲಿಲ್ಲ. ಆದರೆ ದಶಕಗಳ ಕಾಲ ನಿಲ್ಲದೆ ನಡೆಯಿತು. ನೂರಾರು ವಾದಕರು ಬಂದು ಹೋದರು. ಬುರ್ಖಾರ್ಡ್ 2018ರ ಜನವರಿಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ತಂಡದ ಹೊಣೆ ಅವರ ಮಗಳು ಮಾರ್ಯಾಳ ಕೈ ಸೇರಿತ್ತು. ನಮ್ಮ ಕೆಲವು ಮೇಳಗಳ ಹಾಗೆಯೇ ಅನ್ನಿ.

ಅದು ಎಂಥ ಸಂಗೀತ? ಎರಡನೆಯ ಮಹಾಯುದ್ಧದ ಬಳಿಕ ಹುಟ್ಟಿದ ಜರ್ಮನ್ ತರುಣರಿಗೆ ಒಂದು ಪೇಚಿತ್ತು. ತಂದೆಯಂದಿರ ಕಾಲದ ಹಾಡು ಅವರಿಗೆ ಬೇಡ, ಅದಕ್ಕೆ ಯುದ್ಧದ ವಾಸನೆ. ಅಮೆರಿಕ, ಇಂಗ್ಲೆಂಡಿನ ಹಾಡನ್ನು ನಕಲು ಮಾಡುವುದೂ ಬೇಡ. ಹಾಗಾಗಿ ಅವರು ಬೇರೆ ದಾರಿ ಹುಡುಕಿದರು. ಮೂರು ನಿಮಿಷದ ಹಾಡಿನ ಬದಲು ಅರ್ಧ ಗಂಟೆಯ ರಚನೆ. ನಾಲ್ಕರ ಎಣಿಕೆಯ ಬದಲು ಐದು, ಏಳು, ಒಂಬತ್ತರ ಎಣಿಕೆ. ಇಂಗ್ಲೆಂಡಿನ ಪತ್ರಿಕೆಗಳು ಇದನ್ನು ಹುಳಿ ಕೋಸಿನ ಹೆಸರಿನಿಂದ ‘ಕ್ರೌಟ್‌ರಾಕ್’ ಎಂದು ಗೇಲಿ ಮಾಡಿದವು. ಆ ಹೆಸರೇ ನಿಂತಿತು. ಇದಕ್ಕೆ ಹತ್ತಿರದ ನೆಂಟ ‘ಪ್ರೋಗ್ರೆಸಿವ್ ರಾಕ್’. ಅದಕ್ಕೇ ಮುಂದೆ ಭಾರವಾದ ಗಿಟಾರಿನ ಗರ್ಜನೆ ಸೇರಿ ‘ಪ್ರೋಗ್ರೆಸಿವ್ ಮೆಟಲ್’ ಆಯಿತು. ಇಂದು ಕಾಲೇಜು ಹುಡುಗರ ಕಿವಿಯಲ್ಲಿ ಸಿಕ್ಕಿಸಿರುವ ವೈರಿನಿಂದ ಹೊರಗೆ ಸೋರುವ ಗದ್ದಲವನ್ನು ಕೇಳಿ ಮುಖ ಸಿಂಡರಿಸುವ ಮುನ್ನ ಒಮ್ಮೆ ಅದರ ತಾಳವನ್ನು ಎಣಿಸಿ ನೋಡಿ. ಏಳರ ಎಣಿಕೆ ಸಿಕ್ಕಿದರೆ ಅಚ್ಚರಿಪಡಬೇಡಿ. ಅದು ನಮ್ಮ ತ್ರಿವುಡೆಯ ಎಣಿಕೆಯೇ.

ಬಸ್ಸಿನಲ್ಲಿ ಬಂದವರು

1978-79ರಲ್ಲಿ ಎಂಬ್ರಿಯೊ ತಂಡ ಬಸ್ಸು ಹತ್ತಿ ಜರ್ಮನಿಯಿಂದ ಭಾರತಕ್ಕೆ ಹೊರಟಿತು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನದ ಮೂಲಕ ನೆಲದ ದಾರಿ. ಇರಾನಿನಲ್ಲಿ ಕ್ರಾಂತಿ ನಡೆಯುತ್ತಿದ್ದ ಕಾಲ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದು 1979ರ ಡಿಸೆಂಬರಿನಲ್ಲಿ, ಅಂದರೆ ಇವರು ದಾಟಿ ಬಂದ ಮೇಲೆ. ಅಂಥ ದಾರಿ ಆಮೇಲೆ ಮುಚ್ಚಿಯೇ ಹೋಯಿತು. ಹಾದಿಯುದ್ದಕ್ಕೂ ಊರಿನ ವಾದಕರ ಜತೆ ಕುಳಿತು ನುಡಿಸಿದರು, ಧ್ವನಿ ಹಿಡಿದರು. ವೆರ್ನರ್ ಪೆನ್‌ಝೆಲ್ ಎಂಬವರು ಈ ಪ್ರಯಾಣವನ್ನು ‘ವಾಗಾಬುಂಡೆನ್ ಕರಾವಾನೆ’ ಎಂಬ ಚಲನಚಿತ್ರವಾಗಿಸಿದರು. 1979ರಲ್ಲಿ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ತಟ್ಟೆ ಬಂತು. ರೈಸೆ ಎಂದರೆ ಪ್ರಯಾಣ.

ಇದರ ಬೆನ್ನಿಗೇ, 1980ರಲ್ಲಿ, ನಮಗೆ ಬೇಕಾದ ತಟ್ಟೆ ಬಂತು. ಅದರ ಹೆಸರು ‘ಲೈಫ್’. ಹೊದಿಕೆಯ ಮೇಲೆ ಎರಡು ತಂಡಗಳ ಹೆಸರಿದೆ. ಒಂದು ಎಂಬ್ರಿಯೊ. ಇನ್ನೊಂದು ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’.

ಈ ಕಾಲೇಜು ಬೆಂಗಳೂರಿನ ತಾಳವಾದ್ಯಗಳ ಶಾಲೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ್ದು. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದವರಿಗೆ ತನಿ ಆವರ್ತನ ಬರುವುದು ರಾತ್ರಿ ಎಷ್ಟು ಹೊತ್ತಿಗೆ, ಆಗ ಸಭಿಕರಲ್ಲಿ ಎಷ್ಟು ಮಂದಿ ಎದ್ದು ಕಾಫಿಗೆ ಹೋಗುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಮಣಿಯವರು ಆ ತಾಳವಾದ್ಯಗಳನ್ನೇ ಮುಂದಕ್ಕೆ ತಂದು ಕೂರಿಸಿದರು. ಲಯವೇ ಕಛೇರಿಯಾಗಬಲ್ಲದು ಎಂದು ತೋರಿಸಿದರು. ಯುರೋಪಿನ ರಾಕ್ ಮತ್ತು ಜಾಝ್ ವಾದಕರಿಗೆ ಬೇಕಾಗಿದ್ದದ್ದೂ ಅದೇ.

‘ಲೈಫ್’ ತಟ್ಟೆಯನ್ನು ಹೊರತಂದ ‘ಶ್ನೇಬಾಲ್’ ಸಂಸ್ಥೆಯ ವಿಷಯವೂ ತಿಳಿಯತಕ್ಕದ್ದು. ದೊಡ್ಡ ಕಂಪನಿಗಳ ಹಂಗು ಬೇಡವೆಂದು ಕೆಲವು ಜರ್ಮನ್ ತಂಡಗಳು ಸೇರಿ 1976ರಲ್ಲಿ ಒಂದು ಸಂಸ್ಥೆ ಕಟ್ಟಿದವು. ಮೊದಲಿಗೆ ಇಟ್ಟ ಹೆಸರು ‘ಏಪ್ರಿಲ್’. ಆ ಹೆಸರಿನ ಬಗ್ಗೆ ದೊಡ್ಡ ಕಂಪನಿಯೊಂದರ ತಕರಾರು ಬಂದದ್ದರಿಂದ ಶ್ನೇಬಾಲ್, ಅಂದರೆ ಹಿಮದ ಉಂಡೆ ಎಂದು ಬದಲಿಸಿಕೊಂಡರು. ಕಲಾವಿದರೇ ಸೇರಿ ನಡೆಸಿದ ಸಹಕಾರಿ ಸಂಘವೆಂದರೆ ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾದೀತು.

ನಾಗಸ್ವರ ಕಲಿತ ಸ್ಯಾಕ್ಸೊಫೋನ್

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ಚಾರ್ಲಿ ಮರಿಯಾನೊ. ಅಮೆರಿಕದ ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದವರು, ಹೆಸರಾಂತ ಜಾಝ್ ಸ್ಯಾಕ್ಸೊಫೋನ್ ವಾದಕರು. 1960ರ ದಶಕದಲ್ಲಿ ಕೌಲಾಲಂಪುರದ ರೇಡಿಯೊ ವಾದ್ಯವೃಂದಕ್ಕೆ ತರಬೇತಿ ಕೊಡಲು ಹೋಗಿದ್ದಾಗ ನಾಗಸ್ವರದ ಧ್ವನಿ ಅವರ ಕಿವಿಗೆ ಬಿತ್ತು. ಬಿದ್ದದ್ದು ಹೋಗಲಿಲ್ಲ. ನಡುವಯಸ್ಸು ದಾಟಿದ ಪ್ರಸಿದ್ಧ ಕಲಾವಿದ ಮತ್ತೆ ವಿದ್ಯಾರ್ಥಿಯಾಗಿ ನಾಗಸ್ವರ ಕಲಿಯತೊಡಗಿದರು, ಅದಕ್ಕಾಗಿ ಭಾರತಕ್ಕೂ ಬಂದರು. ಆಮೇಲೆ ಯುರೋಪಿನಲ್ಲಿ ನೆಲೆಸಿ ಎಂಬ್ರಿಯೊದೊಂದಿಗೆ ನುಡಿಸಿದರು. 1973ರ ‘ವಿ ಕೀಪ್ ಆನ್’ ತಟ್ಟೆಯಲ್ಲಿ ಅವರಿದ್ದಾರೆ. 2009ರ ಜೂನಿನಲ್ಲಿ ಕಲೋನ್ ನಗರದಲ್ಲಿ ನಿಧನರಾದರು.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಹೆಸರು ನೆನಪಾಗದೆ ಇರದು. ಬಂಟ್ವಾಳ ತಾಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತರು. ತಂದೆಯ ವಾದ್ಯದಿಂದ ಅದಕ್ಕೆ ದಾಟಿ, ವರ್ಷಗಟ್ಟಲೆ ಸಾಧನೆ ಮಾಡಿ ಗಮಕವನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಬಾಸ್ಟನ್ನಿನವರು ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ ಬಂದರು, ಸಜಿಪದವರು ನಾಗಸ್ವರದಿಂದ ಸ್ಯಾಕ್ಸೊಫೋನಿಗೆ ಹೋದರು. ಇಂದು ನಮ್ಮ ದೇವಸ್ಥಾನಗಳಲ್ಲಿ, ಮದುವೆ ಮನೆಗಳಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಇನ್ನೂ ಹಿಂದೆ, ಇದೇ ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಬೈಸಿಕೊಂಡವರು. ಹಾಗಾಗಿ ಮ್ಯೂನಿಕ್ಕಿನವರು ಮಾಡಿದ್ದು ನಮಗೆ ತೀರ ಪರಕೀಯವೇನಲ್ಲ.

ಎಣಿಕೆಯೇ ಭಾಷೆ

ಒಂದು ಪ್ರಶ್ನೆ ಉಳಿಯುತ್ತದೆ. ರಾಕ್‌ನವನಿಗೆ ರಾಗ ಗೊತ್ತಿಲ್ಲ, ಮೃದಂಗದವರಿಗೆ ಪಾಶ್ಚಾತ್ಯ ಸ್ವರಮೇಳ ಬೇಕಿಲ್ಲ. ಇಬ್ಬರೂ ಕೂಡಿ ನುಡಿಸುವುದು ಹೇಗೆ? ಉತ್ತರ: ಎಣಿಕೆಯ ಮೂಲಕ.

ಈಗ ತಾವೆಲ್ಲ ಆದಿತಾಳ ಹಾಕಿ. ಎಂಟು ಎಣಿಕೆ. ನಾನು ಅದರ ಮೇಲೆ ‘ತಕತಕಿಟ’ ಎಂದು ಹೇಳುತ್ತ ಹೋಗುತ್ತೇನೆ, ಒಂದು ಎಣಿಕೆಗೆ ಒಂದೇ ಅಕ್ಷರ. ಅದು ಐದು ಅಕ್ಷರದ ಸೊಲ್ಲು. ಎರಡನೆಯ ‘ತಕತಕಿಟ’ ನಿಮ್ಮ ಆರನೆಯ ಎಣಿಕೆಯಲ್ಲಿ ಆರಂಭವಾಯಿತು. ಮೂರನೆಯದು ಮುಂದಿನ ಆವರ್ತದ ಮೂರನೆಯ ಎಣಿಕೆಯಲ್ಲಿ. ಇಬ್ಬರೂ ದಾರಿ ತಪ್ಪಿದಂತೆ ಕಾಣುತ್ತದೆ. ಕೈ ಬಿಡಬೇಡಿ. ನಾನು ಎಂಟು ಸಲ ಹೇಳಿ ಮುಗಿಸಿದಾಗ 40 ಅಕ್ಷರ. ನಿಮ್ಮದು ಐದು ಆವರ್ತ, ಅದೂ 40. ನೋಡಿ, ಒಟ್ಟಿಗೆ ಸಮಕ್ಕೆ ಬಂದೆವು. ನಾನು ನನ್ನ ಐದನ್ನು ಬಿಡಲಿಲ್ಲ, ನೀವು ನಿಮ್ಮ ಎಂಟನ್ನು ಬಿಡಲಿಲ್ಲ.

ಹೀಗೆ ಸೊಲ್ಲನ್ನು ಬಾಯಲ್ಲಿ ಹೇಳುವುದೇ ಕೊನ್ನಕ್ಕೋಲು. ತಿಶ್ರ ಮೂರು, ಚತುರಶ್ರ ನಾಲ್ಕು, ಖಂಡ ಐದು, ಮಿಶ್ರ ಏಳು, ಸಂಕೀರ್ಣ ಒಂಬತ್ತು. ಇದನ್ನು ಕಲಿಯಲು ರಾಗಜ್ಞಾನ ಬೇಡ, ತೆಲುಗು ಸಾಹಿತ್ಯ ಬೇಡ, ಬಾಯಿ ಮತ್ತು ಕೈ ಸಾಕು. ಮೂರು ಸಲ ಸುತ್ತಿ ಸಮಕ್ಕೆ ಬಂದು ಬೀಳುವ ಮುಕ್ತಾಯ ಯಾವಾಗ ಬರುತ್ತದೆ ಎಂದು ಎರಡೂ ಕಡೆಯವರಿಗೆ ತಿಳಿದರೆ ಆಯಿತು. ಆಟದಲ್ಲಿ ಭಾಗವತರ ಜಾಗಟೆ, ಚೆಂಡೆ ಮತ್ತು ವೇಷದ ಹೆಜ್ಜೆ ಒಂದೇ ಪೆಟ್ಟಿಗೆ ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ ನಿಮಗೆ ಇದನ್ನು ಇನ್ನೂ ವಿವರಿಸಿದರೆ ಅಧಿಕಪ್ರಸಂಗವಾದೀತು. ಎರಡು ಸಂಗೀತಗಳನ್ನು ಬೆರೆಸಿ ಎರಡನ್ನೂ ಕೆಡಿಸಿದ ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ. ಬೆಂಗಳೂರಿನವರ ಕೆಲಸ ನಿಂತದ್ದು ಅವರು ತಮ್ಮ ಲೆಕ್ಕವನ್ನು ಬಿಟ್ಟುಕೊಡದ್ದರಿಂದ. ಬಂದವರು ಕಲಿಯಲು ಸಿದ್ಧರಿದ್ದದ್ದರಿಂದ ಎಂದೂ ಸೇರಿಸಬೇಕು.

1980ರ ನಂತರ ಸಂಬಂಧ ಮುಂದುವರಿಯಿತು. ಎಂಬ್ರಿಯೊದಿಂದ ಹೊರಬಂದ ಕೆಲವರು ‘ಡಿಸಿಡೆಂಟನ್’ ಎಂಬ ತಂಡ ಕಟ್ಟಿದರು, ಅಂದರೆ ಭಿನ್ನಮತೀಯರು. ಅವರು 1982ರಲ್ಲಿ ತಂದ ‘ಜರ್ಮನಿಸ್ತಾನ್’ ತಟ್ಟೆಯಲ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜಿನವರು ಇಬ್ಬರೂ ಇದ್ದಾರೆ. ಆ ತಂಡ ಬಳಿಕ ಮೊರಾಕ್ಕೊ ಕಡೆ ಹೊರಳಿತು.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಜ್ಯೋತಿ’. ಮ್ಯೂನಿಕ್ಕಿನದೇ ಆದ ಇಸಿಎಂ ಸಂಸ್ಥೆ ಅದನ್ನು ಹೊರತಂದಿತು. ಆ ಸಂಸ್ಥೆಯೂ ಎಂಬ್ರಿಯೊ ಹುಟ್ಟಿದ 1969ರಲ್ಲೇ ಹುಟ್ಟಿದ್ದು. ಇಲ್ಲಿ ಡ್ರಮ್ ಸೆಟ್ಟೂ ಇಲ್ಲ, ಗಿಟಾರೂ ಇಲ್ಲ. ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು, ರಮಾಮಣಿಯವರ ಕಂಠ, ಉಳಿದದ್ದು ತಾಳವಾದ್ಯ. ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಎಂಬುವು ಅದರಲ್ಲಿನ ಕೆಲವು ರಚನೆಗಳು. ರಮಾಮಣಿಯವರು ಮೊದಲಿಗೆ ಒಬ್ಬರೇ ಹಾಡುತ್ತಾರೆ, ಬೇರೆ ಯಾವ ಅಬ್ಬರವೂ ಇಲ್ಲ. ಸ್ಯಾಕ್ಸೊಫೋನ್ ಒಳಗೆ ಬರುವಾಗ ಅತಿಥಿಯಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುತ್ತದೆ. ನಲವತ್ತು ವರ್ಷ ಕಳೆದರೂ ಹಳತಾಗಿಲ್ಲ.

ಹೊದಿಕೆಯ ಮೇಲಿನ ಬರಹ

ಈಗ ಕ್ಯಾಸೆಟ್ಟಿನ ವಿಷಯಕ್ಕೆ ಬರುತ್ತೇನೆ.

‘ಜ್ಯೋತಿ’ಯನ್ನು ಮುದ್ರಿಸಿಕೊಂಡದ್ದು 1983ರ ಫೆಬ್ರವರಿಯಲ್ಲಿ, ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಎಂಬ ಊರಿನ ಬಾವರ್ ಸ್ಟುಡಿಯೊದಲ್ಲಿ. ಮೃದಂಗ ಟಿ.ಎ.ಎಸ್. ಮಣಿ. ಘಟ, ಮೋರ್ಸಿಂಗ್ ಮತ್ತು ಕೊನ್ನಕ್ಕೋಲು ಆರ್.ಎ. ರಾಜಗೋಪಾಲ್. ಖಂಜಿರ ಮತ್ತು ಕೊನ್ನಕ್ಕೋಲು ಟಿ.ಎನ್. ಶಶಿಕುಮಾರ್. ಇದು ನನಗೆ ಹೇಗೆ ಗೊತ್ತು? ತಟ್ಟೆಯ ಜತೆಗೇ ಬರೆದಿದೆ. ಊರು, ತಿಂಗಳು, ವಾದಕರು, ವಾದ್ಯಗಳು. ಖಂಜಿರದವರ ಹೆಸರನ್ನೂ ಬಿಟ್ಟಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ನ್ಯಾಯವಾಗಿತ್ತೆಂದು ನಾನು ಹೇಳುವುದಿಲ್ಲ. ತಟ್ಟೆಯ ಶೀರ್ಷಿಕೆಯಲ್ಲಿ ಮರಿಯಾನೊ ಹೆಸರು ಮೊದಲು; ಬೆಂಗಳೂರಿನವರು ‘ಕಾಲೇಜು’ ಎಂಬ ಒಂದೇ ಹೆಸರಿನಡಿ ಬರುತ್ತಾರೆ. ಆದರೂ ಹಿಂದೆ ತಿರುಗಿಸಿದರೆ ಪ್ರತಿಯೊಬ್ಬರೂ ಇದ್ದಾರೆ. ಮಣಿಯವರು 2020ರಲ್ಲಿ ತೀರಿಕೊಂಡರು. ಅವರು ಎಲ್ಲಿ, ಯಾರ ಜತೆ, ಯಾವ ವರ್ಷ ನುಡಿಸಿದ್ದರೆಂದು ತಿಳಿಯಲು ಜರ್ಮನಿಯ ಆ ಹೊದಿಕೆಗಳು ಸಾಕ್ಷಿಯಾಗಿ ಉಳಿದಿವೆ.

ಅದೇ 1983ರಲ್ಲಿ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಏನಾಗುತ್ತಿತ್ತು? ಮನೆಗೆ ಟೇಪ್ ರೆಕಾರ್ಡರ್ ಬಂದ ಕಾಲ ಅದು. ಗಲ್ಫಿನಿಂದ ಬಂದ ಅಳಿಯನೋ ಮಗನೋ ತಂದದ್ದು. ಬಯಲಾಟಕ್ಕೆ ಅದನ್ನು ಹೊತ್ತುಕೊಂಡು ಹೋಗಿ ರಂಗಸ್ಥಳದ ಪಕ್ಕ ಇಟ್ಟು ಕೂರುತ್ತಿದ್ದರು. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಎಂಟು ಗಂಟೆ, ಅಂದರೆ 480 ನಿಮಿಷ. 90 ನಿಮಿಷದ ಕ್ಯಾಸೆಟ್ಟಾದರೆ ಆರು ಬೇಕು. 45 ನಿಮಿಷಕ್ಕೊಮ್ಮೆ ಬದಿ ತಿರುಗಿಸಲು ಒಬ್ಬ ಎಚ್ಚರವಾಗಿರಬೇಕು. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಒಳ್ಳೆಯ ಪದ್ಯ ಅರ್ಧಕ್ಕೇ ನಿಲ್ಲುವುದಕ್ಕೆ ಕಾರಣ ಆ ಮಹಾಶಯನ ನಿದ್ದೆ.

ಅವುಗಳ ಮೇಲೆ ಏನು ಬರೆದಿರುತ್ತದೆ? ಪ್ರಸಂಗದ ಹೆಸರು. ಬಹಳವಾದರೆ ಭಾಗವತರ ಹೆಸರು, ದೊಡ್ಡ ವೇಷಧಾರಿಯ ಹೆಸರು. ‘ಭಾಗ 2’ ಎಂದು ಪೆನ್ಸಿಲಿನಲ್ಲಿ ಗೀಚಿರುತ್ತದೆ. ಚೆಂಡೆ ಯಾರದು, ಮದ್ದಳೆ ಯಾರದು, ಯಾವ ಗದ್ದೆಯಲ್ಲಿ, ಯಾವ ವರ್ಷ? ಇಲ್ಲ. ಬರೆಯುವ ಅಗತ್ಯವೇ ಕಾಣಲಿಲ್ಲ, ಏಕೆಂದರೆ ಅಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು.

ಕೆಲವು ಸಮಯದ ಹಿಂದೆ ಕಡಬದ ಕಡೆಯ ಒಬ್ಬರು ನನ್ನ ಮನೆಗೆ ಬಂದರು. ನನ್ನಲ್ಲಿ ಹಳೆಯ ಆಟದ ಕ್ಯಾಸೆಟ್ಟುಗಳಿವೆಯೆಂದು ಯಾರೋ ಹೇಳಿದ್ದರಂತೆ. ಅವರ ತಂದೆ ಮದ್ದಳೆಗಾರರು, ತಿರುಗಾಟದಲ್ಲಿ ಜೀವ ತೇದವರು, ತೀರಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿ ಒಂದು ಫೋಟೊ ಇದೆ, ಮದ್ದಳೆ ಇದೆ, ಅವರ ಪೆಟ್ಟಿನ ಶಬ್ದ ಮಾತ್ರ ಎಲ್ಲೂ ಇಲ್ಲ. “ಒಂದೇ ಒಂದು ಪದ್ಯಕ್ಕೆ ನುಡಿಸಿದ್ದು ಸಿಕ್ಕಿದರೂ ಸಾಕು” ಎಂದರು. ನಾವಿಬ್ಬರು ಕುಳಿತು ಮೂರು ಮಧ್ಯಾಹ್ನ ಕೇಳಿದೆವು. ಒಂದರಲ್ಲಿ ಹೆಸರಿಲ್ಲ. ಇನ್ನೊಂದರ ಮೇಲೆ ಯಾರೋ ಸಿನಿಮಾ ಹಾಡು ಮುದ್ರಿಸಿಬಿಟ್ಟಿದ್ದಾರೆ. ಮೂರನೆಯದಕ್ಕೆ ಬೂಸಲು. ನಮ್ಮ ಆಟಿ ತಿಂಗಳ ತೇವಕ್ಕೆ ಟೇಪು ಅಂಟಿಕೊಳ್ಳದೆ ಇನ್ನೇನಾದೀತು?

ನನಗೆ ಆ ಮೂರು ಮಧ್ಯಾಹ್ನ ನಾಚಿಕೆಯಾಯಿತು. ಏಳು ಸಾವಿರ ಕಿಲೋಮೀಟರಿನಾಚೆ ಖಂಜಿರ ನುಡಿಸಿದವರು ಯಾರೆಂದು ನನಗೆ ಗೊತ್ತು. ನನ್ನದೇ ಜಿಲ್ಲೆಯ ಗದ್ದೆಯಲ್ಲಿ, ಬಹುಶಃ ನಾನೇ ಚಾಪೆ ಹಾಸಿ ಕುಳಿತು ಕೇಳಿದ ಮದ್ದಳೆ ಯಾರದೆಂದು ಗೊತ್ತಿಲ್ಲ.

ಎಂಬ್ರಿಯೊ ತಂಡದವರು ನಮಗಿಂತ ದೊಡ್ಡ ಕಲಾವಿದರೆಂದು ನಾನು ಹೇಳುತ್ತಿಲ್ಲ. ಖಂಡಿತ ಅಲ್ಲ. ಅವರ ತಟ್ಟೆ ಕೊಂಡವರೂ ಬಹಳ ಮಂದಿಯಲ್ಲ. ಆದರೆ ಸೋತ ತಂಡವೂ ತನ್ನ ಕೆಲಸದ ಲೆಕ್ಕವನ್ನು ಬರೆದಿಟ್ಟರೆ, ಮುಂದೆ ಒಬ್ಬ ಕೇಳುಗ ಹುಟ್ಟಿದಾಗ ಅವನಿಗೆ ದಾರಿ ಸಿಗುತ್ತದೆ. ಹಿಮ್ಮೇಳದ ಕಲಾವಿದರಿಗೆ ನಾವು ಸನ್ಮಾನ ಮಾಡುತ್ತೇವೆ, ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಅವರ ನುಡಿತದ ಮೇಲೆ ಅವರ ಹೆಸರು ಬರೆಯುವುದಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಮನೆಗೆ ಹೋಗಿ ಅಟ್ಟದ ಮೇಲಿನ ಡಬ್ಬ ಇಳಿಸಿ. ಒಣ ದಿನ ನೋಡಿ ತೆರೆಯಿರಿ. ಬೂಸಲು ಕಂಡರೆ ಯಂತ್ರಕ್ಕೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಚೆನ್ನಾಗಿರುವುದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಮೇಲೆ ಯಾರೂ ಅದರ ಮೇಲೆ ಮುದ್ರಿಸಲಾರರು. ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ಪ್ರತಿ ಮಾಡಿಸಿ. ಎಲ್ಲಕ್ಕಿಂತ ಮೊದಲು ಊರಿನಲ್ಲಿ ಉಳಿದಿರುವ ಹಿರಿಯ ಕಲಾವಿದರನ್ನು ಕೂರಿಸಿ ಕೇಳಿಸಿ. ಕೈಬರಹ ಗುರುತಿಸಿದಂತೆ ಅವರು ಪೆಟ್ಟನ್ನು ಗುರುತಿಸುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳಿ: ಪ್ರಸಂಗ, ಮೇಳ, ಸ್ಥಳ, ವರ್ಷ, ಭಾಗವತ, ಚೆಂಡೆ, ಮದ್ದಳೆ, ಚಕ್ರತಾಳ, ಟೇಪ್ ಮಾಡಿದವರು. ಖಚಿತವಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಊಹೆಯನ್ನು ಸತ್ಯವೆಂದು ಬರೆಯಬೇಡಿ.

ಕಡಬದ ಆ ಮಿತ್ರರ ವಿಷಯ ಹೇಳಿ ಮುಗಿಸುತ್ತೇನೆ. ಮೂರನೆಯ ದಿನ ಸಂಜೆ ಒಂದು ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಝಂಪೆಯ ಒಂದು ಪದ್ಯ ಬಂತು. ಮುಕ್ತಾಯಕ್ಕೆ ಮುನ್ನ ಮದ್ದಳೆ ಒಂದು ಕ್ಷಣ ತಡೆದು, ಆಮೇಲೆ ಬಂದು ಬಿತ್ತು. ಅವರು ನನ್ನ ಕೈ ಹಿಡಿದರು. “ಅಪ್ಪ ಮನೆಯ ಜಗಲಿಯಲ್ಲಿ ಹೀಗೇ ತಡೆಯುತ್ತಿದ್ದರು” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಆದರೆ ಬೇರೆಯವರೂ ತಡೆಯುತ್ತಾರಲ್ಲ” ಎಂದು ಅವರೇ ಹೇಳಿದರು. ನಾವು ಅದನ್ನು ಹತ್ತು ಸಲ ಹಾಕಿ ಕೇಳಿದೆವು. ಕಡೆಗೆ ಕ್ಯಾಸೆಟ್ಟಿನ ಮೇಲೆ ಅವರ ತಂದೆಯ ಹೆಸರು ಬರೆದೆವು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆವು. ಆ ಚಿಹ್ನೆಯನ್ನು ಅಳಿಸಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬಂದು ಕೇಳಿ. ಕ್ಯಾಸೆಟ್ಟು ನನ್ನಲ್ಲಿದೆ.